ಹದಿನಾಲ್ಕನೆಯ ಹದ್ದಿನ ಬಿಡುಗಡೆ

ರಣಹದ್ದು ಸಂತಾನಾಭಿವೃದ್ಧಿ ಕೇಂದ್ರದಲ್ಲಿ ಮಾರ್ಚ್ ಕೊನೆಗೆ ಹದಿಮೂರು ಹದ್ದುಗಳೂ ಒಂದು ಕೈಗವಸೂ ಇದ್ದವು. ಗವಸಿಗೆ ಹದ್ದಿನ ತಲೆ, ಕೊಕ್ಕು, ಗಾಜಿನ ಕಣ್ಣು ಹೊಲಿದಿದ್ದರು. ತಾಯಿಯಿಲ್ಲದ ಮರಿ ಮನುಷ್ಯರ ಮುಖ ನೋಡುತ್ತ ಬೆಳೆದರೆ ಕಾಡಿಗೆ ಒಗ್ಗುವುದಿಲ್ಲ. ಆದ್ದರಿಂದ ಪಕ್ಷಿಪಾಲಕ ಪರದೆಯ ಹಿಂದೆ ಕೂತು, ಗವಸು ತೊಟ್ಟ ಕೈಯನ್ನಷ್ಟೇ ಹೊರಗೆ ಚಾಚಿ ಮರಿಗೆ ಮಾಂಸ ತಿನ್ನಿಸುತ್ತಿದ್ದ.

ಗಣತಿಗೆ ಬಂದ ಅಧಿಕಾರಿ ಬಾಗಿಲಲ್ಲೇ ನಿಂತು ಎಣಿಸಿ, ಹದಿನಾಲ್ಕು ಎಂದು ಬರೆದುಕೊಂಡರು; ಮರಿಗೆ ಉಣಿಸುತ್ತಿದ್ದುದನ್ನು 'ಹೆಣ್ಣು' ಎಂದು ನಮೂದಿಸಿದರು.

"ಸಾರ್, ಅದು ನನ್ನ ಕೈ."

"ಪರದೆ ಹಿಂದಿನಿಂದ ಮಾತಾಡಬೇಡಪ್ಪಾ, ಮರಿ ಹೆದರುತ್ತೆ."

ಒಂದು ಹದ್ದು ಹೆಚ್ಚಾದದ್ದಕ್ಕೆ ಕೇಂದ್ರಕ್ಕೆ ಪ್ರಶಂಸಾಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೇರಿಸಿದ ಮೇಲೆ ತಿದ್ದುಪಡಿಗೆ ಅವಕಾಶವಿರಲಿಲ್ಲ. ಹದಿನಾಲ್ಕನೆಯ ಹದ್ದು ಹೆಣ್ಣಾಗಿಯೂ ಈವರೆಗೆ ಮೊಟ್ಟೆ ಇಡದಿರಲು ಕಾರಣವೇನೆಂದು ಮೇಲಿನವರು ವಿವರಣೆ ಕೇಳಿದರು. ತಾನು ಗಂಡಸು ಎಂದು ಪಾಲಕ ಲಿಖಿತ ಉತ್ತರ ಕೊಟ್ಟ. ದಾಖಲೆಯಲ್ಲಿ 'ಹೆಣ್ಣು' ಎಂಬುದನ್ನು ಹೊಡೆದು 'ಗಂಡು' ಎಂದು ಬರೆಯಲಾಯಿತು.

ಅಷ್ಟರಲ್ಲಿ ಹದಿನಾಲ್ಕೂ ಹದ್ದುಗಳನ್ನು ಕಾಡಿಗೆ ಬಿಡಬೇಕೆಂದು ಆದೇಶವಾಯಿತು. ನಿರ್ದೇಶಕರು ಪಾಲಕನನ್ನು ಕರೆಸಿದರು.

"ಗವಸು ಬಿಚ್ಚಿ ಕೊಡ್ತೀನಿ ಸಾರ್, ಅದನ್ನೇ ಬಿಟ್ಟುಬಿಡಿ."

"ಕೈಯಿಲ್ಲದೆ ಅದು ಅಲ್ಲಾಡುತ್ತೇನಯ್ಯಾ? ಸತ್ತ ಹದ್ದು ಬಿಟ್ಟರು ಅಂತ ಮಾತು ಬರುತ್ತೆ."

"ಮನೇಲಿ ಹೆಂಡತಿ, ಮಕ್ಕಳಿದಾರೆ. ಸಂಜೆ ವಾಪಸ್ ಬರಬಹುದಲ್ವಾ?"

"ನೀನು ವಾಪಸ್ ಬಂದರೆ ಯೋಜನೆ ವಿಫಲ ಅಂತ ಬರೀಬೇಕಾಗುತ್ತೆ."

ಬಿಡುಗಡೆಯ ದಿನ ಸಚಿವರು ಬಂದು ಪಂಜರದ ಬಾಗಿಲಿನ ಹಗ್ಗ ಎಳೆದರು. ಹದಿಮೂರು ಹಾರಿದವು. ಹದಿನಾಲ್ಕನೆಯದು ಒಂದು ಕೈ ಮೇಲೆತ್ತಿಕೊಂಡು, ಎರಡು ಸಲ ಹಿಂತಿರುಗಿ ನೋಡಿ, ಪೊದೆಗಳ ಕಡೆ ನಡೆದುಹೋಯಿತು. "ಸ್ವಲ್ಪ ಸಂಕೋಚದ ಸ್ವಭಾವ," ಎಂದು ನಿರ್ದೇಶಕರು ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು.

ಮೂರು ವಾರ ಕಾದು ಪಾಲಕನ ಹೆಂಡತಿ ಕಚೇರಿಗೆ ಬಂದಳು.

"ಇವರು ಯಾವಾಗ ಬರ್ತಾರೆ ಸಾರ್?"

"ಈಗ ತಾನೇ ಹೊಂದಿಕೊಳ್ತಿದಾರಮ್ಮ. ಕರೆದು ಕೆಡಿಸಬೇಡಿ."

"ಅವರಿಗೆ ಮಂಡಿನೋವು. ಈ ನೋವಿನ ಮಾತ್ರೆ ಆದ್ರೂ ತಲುಪಿಸಿ."

ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ನೋವಿನ ಮಾತ್ರೆನಾ! ದನಗಳಿಗೆ ಕೊಟ್ಟ ನೋವಿನ ಮದ್ದು, ಸತ್ತ ದನ ತಿಂದ ಹದ್ದುಗಳ ಹೊಟ್ಟೆ ಸೇರಿಯೇ ಅಲ್ವೇನಮ್ಮಾ ಇಡೀ ಸಂತತಿ ನಾಶವಾಗಿದ್ದು? ಉಳಿದಿರೋದೇ ಇಷ್ಟು. ನೀವೇ ಕೊಲ್ತೀರಾ?"

ಆಕೆಗೆ ತನ್ನ ತಪ್ಪಿನ ಅರಿವಾಯಿತು. ಮಹಜರು ಮಾಡಿ ಮಾತ್ರೆಗಳನ್ನು ನಾಶಪಡಿಸಲಾಯಿತು.

ಈಗ ಭಾನುವಾರಗಳಂದು ವೀಕ್ಷಣಾ ಗೋಪುರ ತೆರೆದಿರುತ್ತದೆ. ಆಕೆಗೆ ಪೂರ್ತಿ ಟಿಕೆಟ್, ಮಕ್ಕಳಿಗೆ ಅರ್ಧ. ಮೊನ್ನೆ ದುರ್ಬೀನಿನಲ್ಲಿ ನೋಡುತ್ತಿದ್ದ ಕಿರಿಮಗಳು "ಅಪ್ಪಾ!" ಎಂದು ಕಿರುಚಿದಳು. ಸಾಲಿನಲ್ಲಿದ್ದವರು ಮುಖ ಸಿಂಡರಿಸಿದರು. ತಾಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ಸುಮ್ನಿರೇ. ಗೂಡು ಕಟ್ತಿದಾರೆ."