ಏಳು ಕೆಮ್ಮುಗಳನ್ನು ಹಿಂಪಡೆಯುವ ಕುರಿತು

ಇಂದ:
ಸುವೈಲಿಮ್ ಬಿನ್ ಅತೀಖ್, ದಾರಿ ತೋರುವವನು,
ಉಮ್ ಶೀಹ್ ಕಣಿವೆ, ದಕ್ಷಿಣ ಜೋರ್ಡಾನ್

ಗೆ:
ಡಾ. ಘಾಲಿಬ್, ಪಶುವೈದ್ಯಾಧಿಕಾರಿಗಳು,
ಕಾಡುಮೇಕೆ ಸಮೀಕ್ಷೆಯ ಗುಡಾರ (ಅದೇ ಕಣಿವೆ, ನೂರು ಹೆಜ್ಜೆ ಮೇಲೆ)

ವಿಷಯ: ಕಾಡುಮೇಕೆಗಳ ಹೆಸರಿನಲ್ಲಿ ದಾಖಲಾದ ಏಳು ಕೆಮ್ಮುಗಳನ್ನು ಕೆಮ್ಮಿದಾತನೇ ವಾಪಸು ಪಡೆಯುವ ಬಗ್ಗೆ.

ಉಲ್ಲೇಖ: ಊರ ಮೇಕೆಗಳನ್ನು ಒರತೆಯ ಬಳಿ ಬಿಡಕೂಡದೆಂಬ ತಮ್ಮ ಶನಿವಾರದ ಆದೇಶ.

ಮಾನ್ಯರೇ,

ಈ ಕೆಳಗಿನದೆಲ್ಲ ಸತ್ಯ. ಕೆಮ್ಮಷ್ಟೇ ಸುಳ್ಳು.

೧. ಶ್ವಾಸಕೋಶಕ್ಕೆ ಹುಳು ಹತ್ತಿದ ಕಾಡುಮೇಕೆ ಕೆಮ್ಮುತ್ತದೆ. ಹುಳುವಿನ ಮರಿಗಳು ಹಿಕ್ಕೆಯಲ್ಲಿ ಬೀಳುತ್ತವೆ. ಕಾರಣ, ಹಿಕ್ಕೆ ಆರಿಸುವುದು ಅರ್ಜಿದಾರನ ಕೆಲಸ, ಕೆಮ್ಮು ಎಣಿಸುವುದು ತಮ್ಮ ಕೆಲಸ ಎಂದು ಹಂಚಿಕೆಯಾಗಿತ್ತು. ಹಂಚುವಾಗ ತಾವು, "ನಿಂಗೆ ಹಿಕ್ಕೆ ಸಾಕು ಕಣಯ್ಯ. ಕಿವಿ ಅಂದ್ರೆ ನಂದು. ಕೆಮ್ಮು ಕೇಳಿದ್ರೆ ಸಾಕು, ಮೇಕೆ ವಯಸ್ಸು ಹೇಳ್ತೀನಿ" ಎಂದಿರಿ. ಅರ್ಜಿದಾರನ ತಲೆಯಲ್ಲಿ ಹುಳ ಬಿಟ್ಟವರು ತಾವೇ ಎಂಬುದನ್ನು ದಯವಿಟ್ಟು ಗಮನಿಸುವುದು.

೨. ಆದ್ದರಿಂದ ಸದರಿ ಅರ್ಜಿದಾರನು ಗುರುವಾರ ಬಂಡೆಯ ಹಿಂದೆ ಕುಳಿತು ಏಳು ಬಾರಿ ಕೆಮ್ಮಿದನು: ಮುದಿ ಹೋತದಂತೆ ಎರಡು, ಗಬ್ಬದ ಮೇಕೆಯಂತೆ ಒಂದು, ಉಳಿದವು ಮರಿಗಳಂತೆ. ತಾವು ಏಳನ್ನೂ ವಯಸ್ಸಿನ ಸಮೇತ ಬರೆದುಕೊಂಡಿರಿ. ವಯಸ್ಸೆಲ್ಲ ಸರಿಯಿತ್ತು.

೩. ಹಿಕ್ಕೆಯನ್ನು ಬಟ್ಟೆಯಲ್ಲಿ ಕಟ್ಟಿ ಉಗುರುಬೆಚ್ಚಗಿನ ನೀರಿಗೆ ಇಳಿಬಿಟ್ಟರೆ ಒಂದು ಹುಳುವೂ ಇಳಿಯಲಿಲ್ಲ. ತಮಾಷೆ ಅಲ್ಲಿಗೆ ಮುಗಿಯಿತೆಂದು ಅರ್ಜಿದಾರ ತಿಳಿದಿದ್ದ. ತಾವು ಮಾತ್ರ, ಕೆಮ್ಮು ಇದೆ, ಹುಳು ಇಲ್ಲ, ಆದ ಕಾರಣ ಇದು ಕಣ್ಣಿಗೆ ಬೀಳದ ಹೊಸ ಹುಳು, ಊರ ಮೇಕೆಗಳಿಂದಲೇ ಬಂದದ್ದು ಎಂದು ತೀರ್ಮಾನಿಸಿ ಒರತೆಯನ್ನು ಎರಡು ವರ್ಷಕ್ಕೆ ಮುಚ್ಚಿಸಿದಿರಿ. ಹುಳುವಿಗೆ ತಮ್ಮ ಹೆಸರನ್ನೂ ಇಟ್ಟಿರಿ.

೪. ಇರುವುದು ಅದೊಂದೇ ಒರತೆ. ಅರ್ಜಿದಾರನ ತಾಯಿಯ ಮೂವತ್ತೆಂಟು ಮೇಕೆಗಳು ಈಗ ಕತ್ತೆ ಹೊತ್ತು ತಂದ ನೀರು ಕುಡಿಯುತ್ತಿವೆ. ಹೀಗೇ ಆದರೆ ಅರ್ಧ ಮಂದೆ ಮಾರಬೇಕು. ನಿಜ ತಿಳಿದ ತಾಯಿ ಬೈಯಲಿಲ್ಲ. "ಕೆಮ್ಮಿದ್ದು ನೀನು, ಗಂಟಲು ಒಣಗೋದು ನನ್ನ ಮೇಕೆಗಳದ್ದಾ? ಹೋಗು, ಹಕೀಮನ ಮುಂದೇನೇ ಕೆಮ್ಮಿ ಬಾ" ಎಂದರು.

೫. ಅದರಂತೆ ಈ ಬೆಳಿಗ್ಗೆ ಅರ್ಜಿದಾರನು ತಮ್ಮ ಗುಡಾರದಲ್ಲಿ, ಅಡುಗೆಯವನ ಸಮಕ್ಷಮ, ಕ್ರಮವಾಗಿ ಕೆಮ್ಮತೊಡಗಿದನು. ತಾವು ಪುಸ್ತಕ ತೆರೆದು ಒಂದೊಂದಕ್ಕೂ ಗುರುತು ಹಾಕುತ್ತ ಬಂದಿರಿ. ಮೂರನೆಯದಕ್ಕೆ ಪೆನ್ಸಿಲ್ ನಿಂತಿತು.

"ಗಬ್ಬದ್ದು ನೀನೇನೋ?"

"ಹೌದು ಹಕೀಮರೇ."

"ಎಷ್ಟು ತಿಂಗಳು?"

ನಾಲ್ಕು ಎಂದು ಅರ್ಜಿದಾರನು ವಿನಯಪೂರ್ವಕವಾಗಿ ತಿಳಿಸಿದನು. ಅಡುಗೆಯವನು ಚಹಾ ಉಗುಳಿದ. ತಾವು ಚಾಪೆಯ ಮೇಲೆ ಉರುಳಿದಿರಿ. ಉರುಳಿದಲ್ಲಿಂದಲೇ, ಮೊಹರು ಒತ್ತಿಸಿಕೊಂಡು ಒಳಗೆ ಹೋದ ಕೆಮ್ಮು ಮೊಹರಿಲ್ಲದೆ ಹೊರಗೆ ಬಾರದು, ಅರ್ಜಿ ಕೊಡು ಎಂದಿರಿ.

ಆದ್ದರಿಂದ, ಹುಳು ಹುಡುಕಲು ಬಂದವರಿಗೆ ಅರ್ಜಿದಾರನ ಹುಳುಕು ಸಿಕ್ಕಿರುವ ಕಾರಣ, ಸದರಿ ಕೆಮ್ಮುಗಳನ್ನು ರದ್ದುಪಡಿಸಿ ಒರತೆಯನ್ನು ತೆರೆಸಿಕೊಡಬೇಕಾಗಿ ಪ್ರಾರ್ಥನೆ. ಹುಳುವಿನ ಹೆಸರಿನ ಬಗ್ಗೆ ಅರ್ಜಿದಾರನ ತಕರಾರಿಲ್ಲ.

ತಮ್ಮ ಶ್ವಾಸಶುದ್ಧ ವಿಶ್ವಾಸಿ,
ಸುವೈಲಿಮ್

ಅಡಕಗಳು:
೧. ತೊಳೆದ ಹಿಕ್ಕೆ, ಒಂದು ಹಿಡಿ.
೨. ತಾಯಿಯ ಹೆಬ್ಬೆಟ್ಟು (ಸಿಟ್ಟಿನಲ್ಲಿ ಒತ್ತಿದ್ದರಿಂದ ಕಾಗದ ಹರಿದಿದೆ).
೩. ಉಳಿದ ನಾಲ್ಕು ಕೆಮ್ಮು, ಖುದ್ದಾಗಿ.

ವಿ.ಸೂ.: ಅಡುಗೆಯವನೂ ಅರ್ಜಿದಾರನೂ ನಗು ನಿಲ್ಲಿಸಿ ಬಹಳ ಹೊತ್ತಾಯಿತು. ತಮ್ಮದು ಇಲ್ಲಿಯವರೆಗೂ ಕೇಳಿಸುತ್ತಿದೆ. ನಗು ನಿಂತೊಡನೆ ತಾವು ಮತ್ತೆ ಅಧಿಕಾರಿಯಾಗುವ ಸಂಭವವಿದೆ. ಕಾರಣ, ಅದು ನಿಲ್ಲುವ ಮೊದಲೇ ಸಹಿ ಹಾಕಬೇಕಾಗಿ ವಿನಂತಿ.