ನಮ್ಮಣ್ಣನ ಬಾಣವಿಲ್ಲದ ಬೇಟೆ

ಬಾಗಲಕೋಟೆ ಜಿಲ್ಲೆಯಲ್ಲಿ ನಮ್ಮಣ್ಣನಷ್ಟು ದೊಡ್ಡ ಬೇಟೆಗಾರ ಇನ್ನೊಬ್ಬನಿಲ್ಲ. ಬೇಕಾದರೆ ಅವನನ್ನೇ ಕೇಳಿ! ಮೂವತ್ತು ವರ್ಷದಿಂದ ಬಿಲ್ಲು ಹೆಗಲಿಗೇರಿಸಿ ಗುಡ್ಡ ಹತ್ತುತ್ತಿದ್ದಾನೆ. ಇಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಸತ್ತದ್ದು ಒಂದೇ ಒಂದು ಚೇಳು. ಕೈಯಲ್ಲಿ ಎಂದರೆ ತಪ್ಪಾಗುತ್ತದೆ. ನೋಡದೆ ಅದರ ಮೇಲೆ ಕೂತಿದ್ದ. ಚೇಳು ಸತ್ತಿತು, ಅಣ್ಣ ಎರಡು ದಿನ ನಿಂತುಕೊಂಡೇ ಊಟ ಮಾಡಿದ.

ಅವನ ಬೇಟೆಯ ಪದ್ಧತಿ ಹೀಗಿದೆ. ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂರುವುದು. ಎರಡೂ ಅಂಗೈಗಳನ್ನು ಬಾಯಿಗೆ ಮುಚ್ಚಿ ಹಕ್ಕಿಯಂತೆ ಕೂಗುವುದು. ಹಕ್ಕಿ ಅದನ್ನು ನಂಬಿ ಹತ್ತಿರ ಬರಬೇಕು. ಏಳು ಹೆಜ್ಜೆಯೊಳಗೆ ಬಂತೋ, ಖಾಲಿ ಬಿಲ್ಲಿನ ಹೆದೆಯನ್ನು ಕಿವಿಯವರೆಗೆ ಎಳೆದು ಬಿಟ್ಟು, "ಆತು, ನೀ ಸತ್ತಿ! ಇನ್ನ ಹೋಗು ನಿಮ್ಮ ಮನಿಗೆ" ಎನ್ನುವುದು. ಸತ್ತ ಹಕ್ಕಿ ಬುರ್ರೆಂದು ಹಾರಿ ಹೋಗುತ್ತದೆ. ಅಣ್ಣ ಮನೆಗೆ ಬಂದು, ಬೇಟೆಯ ಸುದ್ದಿ ಹೇಳುತ್ತ, ಬದನೆಕಾಯಿ ಪಲ್ಯದ ಜೊತೆ ನಾಲ್ಕು ರೊಟ್ಟಿ ಮುಗಿಸುತ್ತಾನೆ.

ಬಿಲ್ಲು ನಮ್ಮಜ್ಜನದು. ಅಜ್ಜ ಹೊಲ ಕಾಯುತ್ತಿದ್ದ ಕಾಲದ್ದು. ಈಗ ಹಕ್ಕಿ ಹೊಡೆಯುವುದು ಅಪರಾಧ, ಹೊಡೆಯುವ ಮನಸ್ಸು ಅಣ್ಣನಿಗೂ ಇಲ್ಲ. ಮನಸ್ಸಿದ್ದರೂ ಆಗುತ್ತಿರಲಿಲ್ಲ, ಏಕೆಂದರೆ ಅಜ್ಜನ ಬಾಣಗಳನ್ನೆಲ್ಲ ಒಂದು ಮಳೆಗಾಲದಲ್ಲಿ ಅವ್ವ ಒಲೆಗೆ ಹಾಕಿ ಚಹಾ ಕಾಸಿದ್ದಳು!

ಇಂಥ ಅಣ್ಣನ ಮೂರು ವರ್ಷದ ಆಸೆಯೊಂದನ್ನು ಒಬ್ಬ ಮನುಷ್ಯ ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ನಾನು ಮುಳುಗಿಸಿದೆ. ಅದನ್ನು ಒಪ್ಪಿಕೊಳ್ಳಲೆಂದೇ ಬರೆಯಲು ಕೂತಿದ್ದೇನೆ. ಐದನೆಯ ಇಯತ್ತೆಗೇ ಶಾಲೆ ಬಿಟ್ಟ ನಾನು ಮಗ್ಗದ ಲಾಳಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯಲಾರೆ. ಅಲ್ಲದೆ ನನ್ನ ತಪ್ಪಿನ ಮಾತಿಗೆ ಬರುವ ಮೊದಲು ಅಣ್ಣನನ್ನು ಇನ್ನಷ್ಟು ಆಡಿಕೊಳ್ಳದಿದ್ದರೆ ನನಗೆ ಧೈರ್ಯ ಬರುವುದಿಲ್ಲ.

ಒಮ್ಮೆ ಅರಣ್ಯ ಇಲಾಖೆಯ ಗಾರ್ಡ್ ಇವನನ್ನು ಬಿಲ್ಲಿನ ಸಮೇತ ಹಿಡಿದರು.

"ಬಾಣ ಎಲ್ಲಿ ಮುಚ್ಚಿಟ್ಟೀ?"

"ಬಾಣ ಇಲ್ರಿ ಸಾಹೇಬ್ರ."

"ಬಾಣ ಇಲ್ದ ಬಿಲ್ಲ ಯಾಕ ಹಿಡ್ಕೊಂಡಿ?"

"ಮತ್ತ ಬಿಲ್ಲ ಇಲ್ದ ಬ್ಯಾಟಿ ಹೆಂಗಾಗತೈತ್ರಿ?"

ಗಾರ್ಡ್ ಸಾಹೇಬರು ಅರ್ಧ ಗುಡ್ಡ ಜಾಲಾಡಿದರು. ಸಿಕ್ಕಿದ್ದು ಒಂದು ರೊಟ್ಟಿ ಗಂಟು. ಕೊನೆಗೆ ಬಂಡೆಯ ಮೇಲೆ ಕೂತು ಬೆವರು ಒರೆಸಿಕೊಂಡರು. "ನಿನ್ನ ಮ್ಯಾಲ ಏನಂತ ಕೇಸ್ ಹಾಕ್ಲೋ ಮಾರಾಯಾ?"

"ಹುಚ್ಚ ಅಂತ ಬರದ್ಬಿಡ್ರಿ."

"ಅದಕ್ಕ ನಮ್ಮ ಇಲಾಖೆದಾಗ ಫಾರ್ಮ್ ಇಲ್ಲೋ!"

ಆ ದಿನದಿಂದ ಇಬ್ಬರೂ ದೋಸ್ತರು.

ಅಣ್ಣನಿಗೆ ಬರದ ಕೂಗಿಲ್ಲ. ನವಿಲು, ಟಿಟ್ಟಿಭ, ಮುಂಗುಸಿ, ಅತ್ತೆಯ ಮೇಲೆ ಸಿಟ್ಟಾದ ಸೊಸೆ, ಎಲ್ಲ ಬರುತ್ತವೆ. ಕುಳಗೇರಿ ಕ್ರಾಸಿನಲ್ಲಿ ಬಸ್ಸು ಹತ್ತಿ, ಬೇಸರ ಕಳೆಯಲು ಒಮ್ಮೆ ಆಡಿನ ಮರಿಯಂತೆ ಒದರಿದ. ಕಂಡಕ್ಟರ್ ಎದ್ದು ನಿಂತ. "ಯಾರದ್ರಿ ಆಡಿನ ಮರಿ? ಸುಮ್ನ ಟಿಕೆಟ್ ತಗಸ್ರಿ!" ಬಸ್ಸಿನವರೆಲ್ಲ ಸೀಟಿನ ಕೆಳಗೆ ಬಗ್ಗಿ ನೋಡಿದರು. ನಮ್ಮಣ್ಣ ನಾನೇ ಒದರಿದ್ದು ಎಂದು ಹೇಳಿದನೇ? ಇಲ್ಲ! ಕೈ ಎತ್ತಿ ಮರಿಗೂ ಒಂದು ಟಿಕೆಟ್ ತೆಗೆಸಿದ. ಆ ಟಿಕೆಟ್ಟು ಇಂದಿಗೂ ಅವರ ಮನೆಯ ದೇವರ ಫೋಟೋದ ಸಂದಿಯಲ್ಲಿದೆ. ಜಗತ್ತಿನಲ್ಲಿ ಯಾವ ಕಲಾವಿದನಿಗೆ ಇಂಥ ಪ್ರಶಸ್ತಿ ಸಿಕ್ಕಿದೆ ಹೇಳಿ!

"ಹಕ್ಕಿ ಕರದ್ರ ಹರದಾರಿ ದೂರಿಂದ ಕೇಳಸ್ತೈತಿ ಇವ್ರಿಗೆ, ನಾ ಊಟಕ್ಕ ಕರದ್ರ ಅಷ್ಟ ಕೇಳ್ಸಂಗಿಲ್ಲ" ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ಬೈಯುತ್ತಾಳೆ.

ಎಲ್ಲ ಕೂಗಿನಲ್ಲಿ ಅವನಿಗೆ ಮೆಚ್ಚು ಕೌಜುಗದ ಕೂಗು. ಕತೀತರ್, ಕತೀತರ್ ಎಂದು ಬೆಳಗಿನಲ್ಲಿ ಕೂಗುವ ಹಕ್ಕಿ. ಗಂಡು ಕೌಜುಗ ಭಾರೀ ಜಗಳಗಂಟ. ತನ್ನ ಜಾಗದಲ್ಲಿ ಇನ್ನೊಂದು ಗಂಡಿನ ದನಿ ಕೇಳಿದರೆ ಕತ್ತು ಉದ್ದ ಮಾಡಿಕೊಂಡು ಕಾದಾಡಲು ಓಡಿ ಬರುತ್ತದೆ. ಅಣ್ಣನ ವಿದ್ಯೆಯೆಲ್ಲ ಇಷ್ಟೇ: ಪರಸ್ಥಳದ ಪುಂಡ ಗಂಡಿನಂತೆ ಕೂಗುವುದು.

ಮೊದಲು ಇದು ಸುಲಭವಿತ್ತು. ಬಾದಾಮಿ ಕಡೆಯ ಕೆಂಪು ಗುಡ್ಡಗಳಲ್ಲಿ ಆಗ ಕುರಿಯವರು, ಹುಲ್ಲು ಕೊಯ್ಯುವ ಹೆಂಗಸರು ಬಿಟ್ಟರೆ ಯಾರಿದ್ದರು? ಈಗ ರವಿವಾರ ಹೋಗಿ ನೋಡಿ! ಒಬ್ಬ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುತ್ತಿರುತ್ತಾನೆ. ಒಬ್ಬಳು ಫೋನು ಕಲ್ಲಿಗೆ ಆನಿಸಿಟ್ಟು ಕುಣಿಯುತ್ತಿರುತ್ತಾಳೆ. ಪೊದೆಗಳಲ್ಲಿ ಕವಳಿ ಹಣ್ಣು ಕೀಳುವವರು, ಡ್ರೋನ್ ಹಾರಿಸುವವರು, ಮೊಣಕೈ ಉದ್ದದ ಕ್ಯಾಮೆರಾದವರು. ಈ ಕ್ಯಾಮೆರಾದವರು ಫೋನಿನಲ್ಲಿ ಹಕ್ಕಿಯ ಕೂಗು ಹಚ್ಚಿ ಹಕ್ಕಿ ಕರೆಯುತ್ತಾರೆ. ಸರಕಾರದ ಗುಡ್ಡ, ಯಾರನ್ನು ಬೇಡ ಎನ್ನುವುದು?

ಒಂದು ರವಿವಾರ ಅಣ್ಣ ಕೂಗಿದ. ಆಚೆಯ ಪೊದೆಯಿಂದ ಉತ್ತರ ಬಂತು. ಅಣ್ಣನಿಗೆ ಹುರುಪು. ಹೊಟ್ಟೆಯ ಮೇಲೆ ತೆವಳಿದ. ಕೂಗಿದ. ಉತ್ತರ ಇನ್ನೂ ಹತ್ತಿರ ಬಂತು. ಅರ್ಧ ತಾಸು ಮುಳ್ಳಿನಲ್ಲಿ ತೆವಳಿ, ಕಾರಿ ಗಿಡದ ಟೊಂಗೆ ಸರಿಸಿದರೆ ಎದುರಿಗೆ ಒಂದು ಕನ್ನಡಕ! ಬಾಗಲಕೋಟೆಯ ನಿವೃತ್ತ ಮಾಸ್ತರರೊಬ್ಬರು ಫೋನು ಹಿಡಿದು ಆ ಕಡೆಯಿಂದ ತೆವಳುತ್ತ ಬಂದಿದ್ದರು.

ಅಣ್ಣ ಎದ್ದು ಕೂತು ಶಾಸ್ತ್ರ ಬಿಡದೆ ಬಿಲ್ಲೆಳೆದ. "ಆತ್ರಿ ಸರ್, ನೀವು ಸತ್ರಿ."

"ತಡೀಪಾ," ಎಂದರು ಮಾಸ್ತರರು ಕ್ಯಾಮೆರಾ ಎತ್ತುತ್ತ, "ಸಾಯೂಕಿಂತ ಮೊದ್ಲ ಒಂದ್ ಫೋಟೋ ಹೊಡ್ಕೊತೇನಿ. ಮುಂಜಾನಿಂದ ಸಿಕ್ಕ ಹಕ್ಕಿ ನೀ ಒಬ್ಬಾವ!"

ಆ ದಿನ ಅಣ್ಣನಿಗೆ ಒಂದು ಸಂಗತಿ ತಿಳಿಯಿತು. ಎಲ್ಲರೂ ಕೂಗುವ ಗುಡ್ಡದಲ್ಲಿ ಹಕ್ಕಿ ಬಾಯಿ ಮುಚ್ಚಿಕೊಳ್ಳುತ್ತದೆ. ಮಂದಿ ಹೆಚ್ಚಾದಷ್ಟು ಅಣ್ಣ ಕೂಗು ಕಡಿಮೆ ಮಾಡಿದ. ಬೆಳಗಿಗೆ ಎರಡೇ ಕೂಗು, ಅದೂ ಸಣ್ಣ ದನಿಯಲ್ಲಿ. ಆಮೇಲೆ ಒಣ ಎಲೆಯನ್ನು ಎರಡು ಬೆರಳಿಂದ ಕೆದರುವುದು, ಹಕ್ಕಿ ಕಾಳು ಹುಡುಕಿದ ಹಾಗೆ. ಬೇರೆಯವರೆಲ್ಲ ಗದ್ದಲ ಮಾಡಿ ಹಿಂದಿರುಗಿದ ಪೊದೆಯಲ್ಲಿ ಅವನಿಗೆ ಹಕ್ಕಿ ಬರುತ್ತಿತ್ತು.

ಆದರೆ ಒಂದು ಬರುತ್ತಿರಲಿಲ್ಲ. ಸೀಳಿದ ಬಂಡೆಯೊಂದರ ಹತ್ತಿರ ಇದ್ದ ಮುದಿ ಗಂಡು. ಅಣ್ಣ ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟಿದ್ದ. ಪ್ರತಿ ಕೂಗಿಗೂ ಪೈಲ್ವಾನ ಉತ್ತರ ಕೊಡುತ್ತಿದ್ದ, ಹೊರಗೂ ಬರುತ್ತಿದ್ದ, ಆದರೆ ಒಂಬತ್ತನೆಯ ಹೆಜ್ಜೆಗೆ ನಿಂತುಬಿಡುತ್ತಿದ್ದ. ಮೂರು ವರ್ಷ! ಬೇರೆಯವರ ಫೋನಿಗೆ ಅವನು ಬಾಯಿಯನ್ನೂ ತೆರೆಯುತ್ತಿರಲಿಲ್ಲ. "ನನ್ನ ಒಬ್ಬನ ಕೂಡ ಮಾತಾಡ್ತಾನ. ಒಂದ್ ದಿನ ಏಳು ಹೆಜ್ಜಿಗೆ ತರ್ತೇನಿ ನೋಡ, ಆಮ್ಯಾಲ ಬಿಲ್ಲ ಮೊಳಿಗೆ ತೂಗ ಹಾಕ್ತೇನಿ" ಎಂದು ಅಣ್ಣ ಫೋನಿನಲ್ಲಿ ಹೇಳುವಾಗ ಅವನ ದನಿ ಹುಡುಗನ ದನಿಯಾಗುತ್ತಿತ್ತು.

ಇನ್ನು ನನ್ನ ಸರದಿ.

ನನ್ನನ್ನು ಇಳಕಲ್ಲಿಗೆ ಕೊಟ್ಟಿದ್ದಾರೆ. ಮನೆಯಲ್ಲೇ ಕುಣಿ ಮಗ್ಗ. ಕಾಲು ಕುಣಿಯಲ್ಲಿ, ಕೈ ಲಾಳಿಯಲ್ಲಿ. ಪುರುಸೊತ್ತಾಗಿರುವುದು ಬಾಯಿ ಒಂದೇ. ಸೀರೆಯ ಸೆರಗಿಗೆ ಒಂದು ತೆನೆಯ ಚಿತ್ತಾರ ಮೂಡುವಷ್ಟರಲ್ಲಿ ಓಣಿಯ ಅರ್ಧ ಸುದ್ದಿ ಹೇಳಿ ಮುಗಿಸುತ್ತೇನೆ. ಕಳೆದ ದೀಪಾವಳಿ ಮುಗಿದ ವಾರ, ಸೀರೆ ಒಯ್ಯಲು ಬರುವ ಒಬ್ಬ ಮನುಷ್ಯ ಕೂತು ಚಹಾ ಕುಡಿಯುತ್ತಿದ್ದ. ನಾನು ಅಣ್ಣನ ಬಡಾಯಿ ಕೊಚ್ಚಿದೆ. ಪೈಲ್ವಾನನ ಸುದ್ದಿಯನ್ನೂ ಹೇಳಿದೆ.

"ಹೌದಾ ಅಕ್ಕಾರ? ಯಾವ ಕಡೆ ಬರತೈತ್ರಿ ಅದು?"

ಹೇಳಿದೆ! ಗುಡ್ಡ ಹೇಳಿದೆ, ಏರುವ ದಾರಿ ಹೇಳಿದೆ, ಸೀಳಿದ ಬಂಡೆ ಹೇಳಿದೆ, ಪೈಲ್ವಾನ ಏಳುವ ಹೊತ್ತನ್ನೂ ಹೇಳಿದೆ. ಕಪ್ಪು ಕೆಳಗಿಟ್ಟು ಅವನು ಬಾಯಿ ಒರೆಸಿಕೊಳ್ಳುತ್ತ ಎಂದ: "ಕೌಜುಗದ ಸಾರು ಉಂಡು ಭಾಳ ದಿನಾತ್ರಿ."

ನನ್ನ ಕೈಯ ಲಾಳಿ ಅಲ್ಲೇ ನಿಂತಿತು.

ಮೂರು ವಾರಕ್ಕೆ ಅಣ್ಣನ ಫೋನು ಬಂತು. "ತಂಗಿ, ಪೈಲ್ವಾನ ಸೀಳಿದ ಬಂಡಿ ಹತ್ತರ ಇಲ್ಲ. ದನಿ ಕೇಳ್ಸವಲ್ದು. ಯಾರಿಗೂ ಹೇಳಬ್ಯಾಡ."

ಹೇಳಲಿಲ್ಲ. ನಂಬುತ್ತೀರಾ? ಹುಟ್ಟಿದಂದಿನಿಂದ ಮೊದಲ ಸಲ ನನ್ನ ಬಾಯಿ ಮುಚ್ಚಿತು. ಪೈಲ್ವಾನನನ್ನು ನಾನೇ ಕೊಂದೆ. ಚಹಾ ಸೋಸಿ ಕೊಟ್ಟು, ದಾರಿ ತೋರಿಸಿ ಕೊಂದೆ. ಇದನ್ನು ಯಾರ ಮುಂದೆ ಹೇಳಲಿ? ನಾಲ್ಕು ತಿಂಗಳು ಮಗ್ಗದ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ನನ್ನ ಗಂಡ ಮೊದಲ ವಾರ ದೇವರಿಗೆ ಕಾಯಿ ಒಡೆಸಿದ, ಎರಡನೆಯ ವಾರ ಹೆದರಿಕೊಂಡು, "ದವಾಖಾನಿಗೆ ಹೋಗೂಣೇನ?" ಎಂದ. ಅಣ್ಣನ ಫೋನು ಬಂದರೆ ಗಂಡನ ಕೈಗೆ ಕೊಟ್ಟು ಮಗ್ಗಕ್ಕೆ ಕೂರುತ್ತಿದ್ದೆ. ವೈನಿ ಹೇಳಿದ ಸುದ್ದಿ ಇನ್ನೂ ಕೆಟ್ಟದು: ಅಣ್ಣ ದಿನಾ ಬೆಳಗ್ಗೆ ಹೋಗಿ ಆ ಖಾಲಿ ಬಂಡೆಯ ಮುಂದೆ ಕೂತು ಕೂಗುತ್ತಾನಂತೆ.

ಯುಗಾದಿ ದಾಟಿದ ಮೇಲೆ ತಡೆಯಲಾಗಲಿಲ್ಲ. ಹುನಗುಂದದಲ್ಲಿ ಬಸ್ಸು ಬದಲಿಸಿ, ಬಾದಾಮಿಯಲ್ಲಿ ಬದಲಿಸಿ, ಅಣ್ಣನ ಊರು ಮುಟ್ಟಿದೆ. ಮರುದಿನ ಬೆಳಗಾಗುತ್ತಲೇ ಅವನ ಹಿಂದೆ ಗುಡ್ಡ ಹತ್ತಿದೆ. ಅಣ್ಣ ಸೀಳಿದ ಬಂಡೆಯ ಹತ್ತಿರ ಕೂತು ಬಾಯಿಗೆ ಅಂಗೈ ಇಟ್ಟ. ಕತೀತರ್, ಕತೀತರ್. ಯಾವ ಉತ್ತರವೂ ಇಲ್ಲ. ಮತ್ತೆ ಕೂಗಿದ. ನಾನು ಅಳಲು ಶುರು ಮಾಡಿದೆ.

"ಅಣ್ಣಾ, ಸೀರಿ ಒಯ್ಯಾಕ ಬರಾಂವಗ ನಾನ ಹೇಳಿದ್ನೋ. ಪೈಲ್ವಾನ ಎಲ್ಲಿರ್ತಾನ ಅಂತ ಎಲ್ಲಾ ನಾನ ಹೇಳಿದೆ."

"ಗೊತ್ತೈತಿ" ಎಂದ ಅಣ್ಣ.

ಅಳು ಅರ್ಧಕ್ಕೆ ನಿಂತಿತು. "ಏನ್ ಗೊತ್ತೈತಿ?"

"ಅಂವ ಜಾಗಾ ನೋಡಾಕ ಬಂದು ನನ್ನ ಹತ್ತರನ ದಾರಿ ಕೇಳಿದ. 'ಸೀಳಿದ ಬಂಡಿ ಎಲ್ಲೈತ್ರಿ? ಇಳಕಲ್ಲ ಅಕ್ಕಾರು ಹೇಳ್ಯಾರ, ಹಕ್ಕಿ ಹಿಡ್ಯಾಕ ಬಲಿ ತರಾಂವದೇನಿ' ಅಂದ. ಕರಕೊಂಡ್ ಬಂದು ತೋರ್ಸಿದೆ."

"ತೋರ್ಸಿದ್ಯಾ!"

"ಬಂಡಿ ತೋರ್ಸಿದೆ. ಮರುದಿನದಿಂದ ಪೈಲ್ವಾನನ್ನ ಸರಸಾಕ ಹತ್ತಿದೆ."

ಹೇಗೆ ಸರಿಸಿದ ಗೊತ್ತೇ? ಮೂರು ವರ್ಷ ಸಣ್ಣ ದನಿಯಲ್ಲಿ ಬಾ ಬಾ ಎಂದು ಕರೆದವನು, ಹದಿನೈದು ದಿನ ಪೈಲ್ವಾನನಿಗಿಂತ ದೊಡ್ಡ ಗಂಡಾಗಿ ಅಬ್ಬರಿಸಿ ಕೂಗಿದ. ಬೆಳಗ್ಗೆ, ಸಂಜೆ, ಬೆನ್ನು ಹತ್ತಿ. ಪೈಲ್ವಾನ ಹೆದರಿ ದಿನಕ್ಕಿಷ್ಟು ಹಿಂದೆ ಸರಿಯುತ್ತ ಸರಿಯುತ್ತ ಗುಡ್ಡದ ಬೆನ್ನು ದಾಟಿ ಆಚೆಯ ಇಳಿಜಾರಿಗೆ ಹೋದನಂತೆ. ಗಾರ್ಡ್ ದೋಸ್ತನಿಗೂ ಅಣ್ಣ ಹೇಳಿದ್ದ, ಆದರೆ ಒಬ್ಬ ಗಾರ್ಡ್ ಎಷ್ಟು ಪೊದೆ ಕಾದಾನು?

"ಮತ್ತ ನನಗ ಫೋನ್ ಮಾಡಿ ಪೈಲ್ವಾನ ಇಲ್ಲ ಅಂದ್ಯಲ್ಲೋ?"

"ಬಂಡಿ ಹತ್ತರ ಇಲ್ಲ ಅಂದೆ. ನೀ ಊರ ತುಂಬ ಸಾರ್ತಿ, ಅಂವಗೂ ಮುಟ್ಟತೈತಿ, ಬಲಿ ಸುತ್ಕೊಂಡು ಮನೀಗ್ ಹೋಗ್ತಾನ ಅಂತ ಲೆಕ್ಕಾ ಹಾಕಿದ್ದೆ. ಅದಕ್ಕ ಯಾರಿಗೂ ಹೇಳಬ್ಯಾಡ ಅಂತ ಬ್ಯಾರೆ ಹೇಳಿದ್ದೆ!" ಅಣ್ಣ ತಲೆ ಮೇಲೆ ಕೈ ಇಟ್ಟುಕೊಂಡ. "ನಲವತ್ತು ವರ್ಷ ಬ್ಯಾಡಂದ್ರೂ ಹೇಳ್ದಾಕಿ, ಬೇಕಾದಾಗ ಬಾಯಿ ಮುಚ್ಕೊಂಡು ಕುಂತೆಲ್ಲವ್ವಾ! ನಿನ್ನ ಬಾಯಿ ಕೆಲಸ ನನ್ನ ಬಾಯಿ ಮಾಡಬೇಕಾತು. ದಿನಾ ಬಂದು ಖಾಲಿ ಜಾಗಾದಾಗ ಕೂಗೂದು, ಅಂವ ಇಲ್ಲೇ ಬಲಿ ಹಾಕ್ಲಿ ಅಂತ."

"ಬಲ್ಯಾಗ ಏನರ ಬಿತ್ತೇನು?"

"ಒಂದು ಸಲ ಬಿತ್ತು. ನನ್ನ ಎಡಗಾಲಿನ ಚಪ್ಪಲ್."

ನಾನು ನಕ್ಕೆ. ಎದೆಯ ಮೇಲಿನ ಗ್ರಾನೈಟು ಕಲ್ಲನ್ನು ಯಾರೋ ಕ್ರೇನು ಹಚ್ಚಿ ಎತ್ತಿದ ಹಾಗಾಯಿತು. ನಗುತ್ತ ನಗುತ್ತ ಮತ್ತೆ ಅತ್ತೆ. ಆಗ ಅಣ್ಣನ ಮುಖ ಸಣ್ಣದಾಯಿತು. "ನಾಕ ತಿಂಗಳ ಇದನ್ನ ಹೊಟ್ಟ್ಯಾಗ ಇಟ್ಕೊಂಡ ಕುಂತಿದ್ದ್ಯಾ? ಹುಚ್ಚಿ. ಏಳು, ತೋರಸ್ತೇನಿ ನಡಿ."

"ಬ್ಯಾಡೋ ಅಣ್ಣ. ನಾ ಮತ್ತ ಯಾರ ಮುಂದರ ಹೇಳಿಬಿಡ್ತೇನಿ."

"ಹೇಳಿದ್ರ ಮತ್ತ ಸರಸ್ತೇನಿ. ಗುಡ್ಡ ಉದ್ದ ಐತಿ."

ಗುಡ್ಡದ ಬೆನ್ನು ದಾಟಿ ಒಂದು ಪೊದೆಯ ಹಿಂದೆ ಕೂತೆವು. ಆಚೆಯಿಂದ ಕತೀತರ್ ಎಂಬ ದನಿ ಬಂತು. ಬದುಕಿದ್ದ! ಆದರೆ ಅಣ್ಣ ಬಾಯಿಗೆ ಕೈ ಒಯ್ಯಲಿಲ್ಲ. "ನನ್ನ ದನಿ ಕೇಳಿದ್ರ ಅಂವ ಇನ್ನೂ ಹಿಂದ ಹೋಗ್ತಾನ. ಹೆದರ್ಸೀನಲ್ಲ. ನನಗ ಇನ್ನ ಬರಂಗಿಲ್ಲ ಬಿಡು" ಎಂದ, ಬಸ್ಸು ತಪ್ಪಿತು ಎನ್ನುವಷ್ಟು ಹಗುರಾಗಿ. ನನ್ನ ಚಹಾದ ಬೆಲೆ ಆಗ ನನಗೆ ಪೂರ್ತಿ ತಿಳಿಯಿತು.

"ನೀ ಕೂಗು" ಎಂದ.

"ನನಗೆಲ್ಲಿ ಬರತೈತೋ?"

"ಸಣ್ಣ ದನೀಲೆ. ಎರಡ ಸಲ, ಸಾಕು."

ಮೊದಲ ಕೂಗು ನೆಗಡಿಯಾದ ಕೋಳಿಯಂತೆ ಹೊರಬಂತು. ಎರಡನೆಯದು ಪರವಾಗಿಲ್ಲ. ಅಣ್ಣ ಎಲೆ ಕೆದರಿದ. ಪೊದೆ ಅಲುಗಿತು. ಕೆಂಪು ಕಾಲಿನ ಮೇಲೆ ಕತ್ತು ಚಾಚಿ ಪೈಲ್ವಾನ ಹೊರಬಂದ, ಇಷ್ಟು ಕೆಟ್ಟದಾಗಿ ಕೂಗುವ ಗಂಡು ಯಾವನು ಎಂದು ನೋಡಲು ಬಂದವನಂತೆ. ಒಂಬತ್ತು ಹೆಜ್ಜೆಗೆ ನಿಂತ. ಎಂಟು. ಏಳು!

ನಾನು ಚೀರಲು ಬಾಯಿ ತೆರೆದೆ. ಅಣ್ಣನ ಅಂಗೈ ಗಪ್ಪನೆ ನನ್ನ ಬಾಯಿ ಮುಚ್ಚಿತು. ಪೈಲ್ವಾನ ನಮ್ಮಿಬ್ಬರನ್ನೂ ಬಹಳ ಹೊತ್ತು ದುರುಗುಟ್ಟಿ ನೋಡಿದ. ಆಮೇಲೆ ಅವಸರವಿಲ್ಲದೆ ಹಿಂದಿರುಗಿ ಪೊದೆಯೊಳಗೆ ಹೋದ. ಬಿಲ್ಲು ಅಣ್ಣನ ತೊಡೆಯ ಮೇಲೆ ಇಟ್ಟಲ್ಲೇ ಇತ್ತು.

"ಯಾಕ ಎಳೀಲಿಲ್ಲೋ ಅಣ್ಣಾ? ಮೂರು ವರ್ಷ ಕಾದ್ಯಲ್ಲೋ!"

"ಬಿಲ್ಲಿಗೆ ಎರಡ ಕೈ ಬೇಕವ್ವಾ" ಎಂದ. "ಒಂದು ನಿನ್ನ ಬಾಯಿ ಮ್ಯಾಲಿತ್ತು."

ಇನ್ನೊಂದು ಆಗಲೂ ನನ್ನ ಬೆನ್ನ ಮೇಲೆಯೇ ಇತ್ತು.