ಅಂತೋಣಪ್ಪನ ಹರಕೆ ಹುಂಜ

ನಾನು ತಾಳವಾಡಿ ಮಲೆಯ ಒಂದು ಪುಟ್ಟ ಚರ್ಚಿನಲ್ಲಿ ಉಪದೇಶಿ. ಗಂಟೆ ಹೊಡೆಯುವುದು, ಮಕ್ಕಳಿಗೆ ಜಪ ಕಲಿಸುವುದು, ಫಾದರ್ ಇಲ್ಲದಾಗ ಪ್ರಾರ್ಥನೆ ನಡೆಸುವುದು, ಇದ್ದಾಗ ಬೈಸಿಕೊಳ್ಳುವುದು ನನ್ನ ಕೆಲಸ. ಇಷ್ಟು ಸಣ್ಣ ಚರ್ಚಿನಲ್ಲಿ ನಗುವಂಥದ್ದು ಏನು ನಡೆದೀತು ಎನ್ನುವವರು ಒಂದು ವಾರ ನನ್ನ ಜೊತೆ ಇದ್ದು ನೋಡಲಿ.

ಈಗಿನ ಫಾದರ್ ಕೆಳಗಿನ ಸೀಮೆಯ ತಮಿಳರು, ಪುಸ್ತಕ ಓದಿ ಕನ್ನಡ ಕಲಿತವರು. ಬಲು ಒಳ್ಳೆಯವರು, ಆದರೆ ನಗುವವರಲ್ಲ. ಅವರಿಗಿಂತ ಮುಂಚೆ ಬಂದವರೆಲ್ಲ ಆನೆ, ಚಳಿ, ಸಿಗ್ನಲ್ ಎಂದು ಒಂದೊಂದು ನೆಪ ಹೇಳಿ ವರ್ಷದೊಳಗೆ ಇಳಿದು ಹೋಗಿದ್ದರು. ಆಮೇಲೆ ತಿಂಗಳುಗಟ್ಟಲೆ ನಮಗೆ ಪೂಜೆಯೇ ಇರುತ್ತಿರಲಿಲ್ಲ. ಇವರನ್ನಾದರೂ ಉಳಿಸಿಕೊಳ್ಳಬೇಕೆಂದು ನನಗೆ ಆಸೆ.

ಕುಕ್ಕರ್

ಜಪಮಾಲೆಯ ತಿಂಗಳಲ್ಲಿ ದಿನಕ್ಕೊಂದು ಮನೆಯಲ್ಲಿ ಪ್ರಾರ್ಥನೆ. ಒಂದು ಸಂಜೆ ಫಾದರ್ ಫೋನ್ ಮಾಡಿ, "ದಾರಿಯಲ್ಲಿ ಆನೆ ನಿಂತಿದೆ, ನೀವು ಶುರು ಮಾಡಿ" ಎಂದರು. ನೆಗಡಿಯಾಗಿ ನನ್ನ ಗಂಟಲು ಕಟ್ಟಿತ್ತು. ಆ ಮನೆಯ ಅಜ್ಜಿ ಮೊಮ್ಮಗಳ ಫೋನಿನಲ್ಲಿ ವಿಡಿಯೋ ಜಪ ಹಾಕಿಸಿ, ಅದನ್ನು ಮರಿಯಮ್ಮನವರ ಪಟಕ್ಕೆ ಒರಗಿಸಿಟ್ಟರು.

ಕೊನೆಯಲ್ಲಿ ಮರಿಯಮ್ಮನವರ ಬಿರುದುಗಳನ್ನು ಒಂದೊಂದಾಗಿ ಹೇಳುತ್ತಾರೆ. ಪ್ರತಿಯೊಂದಕ್ಕೂ ನಾವು "ನಮಗಾಗಿ ಪ್ರಾರ್ಥಿಸಿರಿ" ಎನ್ನಬೇಕು. ಎಲ್ಲರೂ ಕಣ್ಣು ಮುಚ್ಚಿದ್ದೆವು. ನಡುವೆ ಜಾಹೀರಾತು ಬಂದದ್ದು ಯಾರಿಗೂ ತಿಳಿಯಲಿಲ್ಲ.

"ಮೂರೇ ಸೀಟಿಗೆ ಮೆತ್ತಗಾಗುವ ಬೇಳೆ."

"ನಮಗಾಗಿ ಪ್ರಾರ್ಥಿಸಿರಿ."

"ತುಕ್ಕು ಹಿಡಿಯದ ಕುಕ್ಕರ್."

"ನಮಗಾಗಿ ಪ್ರಾರ್ಥಿಸಿರಿ."

ಕಣ್ಣು ಬಿಟ್ಟರೆ ಫಾದರ್ ಬಾಗಿಲಲ್ಲಿ ನಿಂತಿದ್ದಾರೆ. ನಾನು ಫೋನ್ ನೋಡಿ, ಅದು ಕುಕ್ಕರ್ ಜಾಹೀರಾತು ಎಂದು ಅಜ್ಜಿಗೆ ಮೆಲ್ಲಗೆ ತಿಳಿಸಿದೆ. ಅಜ್ಜಿ ಮಾತ್ರ ಅಳುಕಲಿಲ್ಲ. "ಇರ್ಲಿ ಬುಡಿ ಸ್ವಾಮಿ, ನಮ್ಮನೇದು ಏಳು ಸೀಟಿ ಊದುದ್ರೂವೆ ಬೇಳೆ ಬೇಯಕ್ಕಿಲ್ಲ" ಎಂದರು.

ಕಡಸು

ಪಣಕಹಳ್ಳಿಯ ಒಬ್ಬ ರೈತ ನನ್ನ ಹಳೆಯ ಗೆಳೆಯ. ದೀಪಾವಳಿ ಕಳೆದ ಮೇಲೆ ಗುಮಟಾಪುರದ ಬೀರೇಶ್ವರನ ಗುಡಿಯ ಗೊರೆಹಬ್ಬಕ್ಕೆ ಹೋಗಿ ಮೈತುಂಬ ಸಗಣಿ ಎರಚಿಸಿಕೊಂಡು ಬರುವವನು. ಮಂಗಳವಾರ ಮಾತ್ರ ತಪ್ಪದೆ ಬಂದು ನಮ್ಮ ಸಂತ ಅಂತೋಣಿಯವರ ಮುಂದೆ ಮೇಣದಬತ್ತಿ ಹಚ್ಚುತ್ತಾನೆ. ಕಳೆದುಹೋದದ್ದನ್ನು ಹುಡುಕಿಕೊಡುವುದರಲ್ಲಿ ಅಂತೋಣಪ್ಪನ ಸಮ ಯಾರೂ ಇಲ್ಲ ಎಂಬುದು ಅವನ ನಂಬಿಕೆ.

ಅವನ ಕಡಸು ತಾಳಮಲೆಯ ಕಾಡಿನ ಕಡೆ ತಪ್ಪಿಸಿಕೊಂಡಿತು. ಹುಲಿಯ ಪಾಲಾಯಿತೆಂದು ಎಲ್ಲರೂ ಕೈಬಿಟ್ಟರು. ಇವನು ಹರಕೆ ಹೊತ್ತ. ಮೂರನೆಯ ದಿನ ಕಡಸು ತಾನೇ ಮನೆಗೆ ಬಂತು.

ಮಂಗಳವಾರದ ಪ್ರಾರ್ಥನೆಯ ನಡುವೆ ಅವನು ಅದನ್ನು ಹಿಡಿದುಕೊಂಡು ಸೀದಾ ಪ್ರತಿಮೆಯ ಮುಂದೆ ಬಂದ. "ಇವ್ರೇ ಕಣವ್ವ ನಿನ್ನ ಉಡುಕ್ಕೊಟ್ಟೋರು, ನೋಡ್ಕೊ" ಎಂದು ಪರಿಚಯ ಮಾಡಿಸಿದ. ಕಡಸು ನೋಡಿತು, ಅಂತೋಣಪ್ಪನ ಕೊರಳಿನ ಸೇವಂತಿಗೆ ಹಾರವನ್ನು ಎಳೆದು ತಿಂದಿತು.

ಫಾದರ್ ಮುಖ ಕೆಂಪಾಯಿತು. "ಏನಿದು?" ಎಂದರು.

"ಪರಸಾದ ತಕ್ಕತಾವ್ಳೆ ಸ್ವಾಮಿ."

ಅಂದಿನಿಂದ ಚರ್ಚಿನ ಹೊಸ್ತಿಲು ದಾಟಿ ಯಾವ ಪ್ರಾಣಿಯೂ ಬರಕೂಡದೆಂದು ಆಜ್ಞೆಯಾಯಿತು.

ಹುಂಜ

ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರಕ್ಕೆ ಎರಡು ದಿನ ಮುಂಚೆ ಫಾದರ್ ನನ್ನ ಕೈಗೆ ಒಂದು ಕಾಗದ ಕೊಟ್ಟರು. "ಬಿಷಪ್ಪರಿಗೆ. ನನ್ನನ್ನು ಬೇರೆ ಊರಿಗೆ ಹಾಕಿ ಎಂದು ಕೇಳಿದ್ದೇನೆ. ಇಲ್ಲಿಯವರಿಗೆ ಭಕ್ತಿ ಇದೆ, ಗಾಂಭೀರ್ಯ ಇಲ್ಲ."

"ಈ ಭಾನುವಾರ ಒಂದು ನೋಡಿ ಫಾದರ್" ಎಂದು ಬೇಡಿಕೊಂಡೆ.

"ಒಂದೇ ಒಂದು ಪೂಜೆ ಗಂಭೀರವಾಗಿ ನಡೆದರೆ ಕಾಗದ ಹರಿಯುತ್ತೇನೆ. ಇಲ್ಲವಾದರೆ ಸೋಮವಾರ ಪೋಸ್ಟ್ ಮಾಡಿ."

ಭಾನುವಾರ ಬೆಳಗ್ಗೆ ಪೂಜೆಗೆಂದು ತೆಂಗಿನ ಗರಿ ಜೋಡಿಸುತ್ತಿದ್ದೆ. ಗೆಳೆಯ ಕಂಕುಳಲ್ಲಿ ಹುಂಜ ಅವುಚಿಕೊಂಡು ಬಂದ. "ಕಡ್ಸು ಸಿಕ್ಕುದ್ರೆ ಅಂತೋಣಪ್ಪಂಗೆ ಉಂಜ ಕೊಡ್ತೀನಿ ಅಂತ ಅರಕೆ ಕಣ್ಲಾ. ಇಲ್ಲೇ ಬುಟ್ಟೋಯ್ತೀನಿ" ಎಂದ.

"ಇವತ್ ಬ್ಯಾಡ ಕಣ್ಲಾ."

"ಕೊಟ್ ಮಾತು ತಪ್ಪಿಸ್ತೀಯ? ಇನ್ನೊಂದ್ಸಲ ಕಡ್ಸು ತಪ್ಪುಸ್ಕೊಂಡೋದ್ರೆ ನೀ ಉಡುಕ್ಕೊಟ್ಟೀಯ?"

ಹುಂಜವನ್ನು ಇಸಿದುಕೊಂಡೆ. ಸತ್ಯ ಹೇಳಬೇಕೆಂದರೆ, ಹರಕೆಯ ಕೋಳಿ ಕೊನೆಗೆ ಉಪದೇಶಿಯ ಮನೆಗೆ ಸೇರುವುದು ನಮ್ಮಲ್ಲಿ ಪದ್ಧತಿ. ಪೂಜಾಪೀಠದ ಹಿಂದಿನ ಕೋಣೆಯಲ್ಲಿ ಅದನ್ನು ಮಂಕರಿಯಡಿ ಮುಚ್ಚಿ, ಮೇಲೆ ತೆಂಗಿನ ಗರಿ ಹರಡಿದೆ.

ಫಾದರ್ ಕೆಂಪು ನಿಲುವಂಗಿ ತೊಡಲು ಅಲ್ಲಿಗೇ ಬಂದರು. "ಏನದು ಸದ್ದು?"

"ಗೊತ್ತಿಲ್ಲ ಫಾದರ್."

"ಕೋಳಿಯ ವಾಸನೆ ಬರುತ್ತಿದೆಯಲ್ಲ?"

"ನನಗೇನೂ ಬರ್ತಿಲ್ಲ ಫಾದರ್."

ನನ್ನ ತೋಳಿನಿಂದ ಒಂದು ಪುಕ್ಕ ತೆಗೆದು ಹಿಡಿದರು. "ಇದು?"

"ಅದು ಯಾವುದೋ ನಾ ಕಾಣೆ ಫಾದರ್."

ಪೂಜೆಯಲ್ಲಿ ಯೇಸುಸ್ವಾಮಿ ಶಿಲುಬೆಗೇರಿದ ಪಾಡಿನ ಕಥೆಯನ್ನು ಪಾತ್ರ ಹಂಚಿಕೊಂಡು ಓದುತ್ತೇವೆ. ಪೇತ್ರನ ಮಾತು ನನ್ನ ಪಾಲಿಗೆ ಬಂದಿತ್ತು. ಯೇಸುವನ್ನು ಹಿಡಿದೊಯ್ದ ಮೇಲೆ, ಅವರು ಮೊದಲೇ ನುಡಿದಿದ್ದಂತೆ, ಕೋಳಿ ಕೂಗುವುದರೊಳಗೆ ಶಿಷ್ಯ ಪೇತ್ರ ಅವರು ಯಾರೋ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳುತ್ತಾನೆ. ಮೂರನೆಯದನ್ನು ಓದಿ ಮುಗಿಸಿದೆನೋ ಇಲ್ಲವೋ, ಹಿಂದಿನ ಕೋಣೆಯಿಂದ ಗೋಡೆ ಅದುರುವಂತೆ ಹುಂಜ ಕೂಗಿತು.

ಯಾರೂ ನಗಲಿಲ್ಲ. ಕುಕ್ಕರ್ ಅಜ್ಜಿ ಮೊದಲು ಮಂಡಿಯೂರಿ ಎದೆ ಬಡಿದುಕೊಂಡು ಅತ್ತರು. ಹಿಂದೆಯೇ ಇಡೀ ಚರ್ಚು ಮಂಡಿಯೂರಿತು. ಅಂಥ ಗಾಂಭೀರ್ಯವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಫಾದರ್ ಮಾತ್ರ ನಿಧಾನವಾಗಿ ತಿರುಗಿ ನನ್ನನ್ನೇ ನೋಡಿದರು.

ಪೂಜೆ ಮುಗಿದ ಮೇಲೆ ಮಂಕರಿಯ ಮುಂದೆ ನಿಂತು ಕೇಳಿದರು: "ಉಪದೇಶಿಗಳೇ, ಕೋಳಿ ಕೂಗಿದ ಮೇಲೆ ಪೇತ್ರ ಏನು ಮಾಡಿದ?"

"ಆಚೆ ಹೋಗಿ ಅತ್ತ ಫಾದರ್."

"ನೀವು?"

ನಾನು ತಲೆ ತಗ್ಗಿಸಿ, ಜೇಬಿನ ಕಾಗದ ತೆಗೆದು ಕೊಟ್ಟೆ. ಅವರು ಅದನ್ನು ಹರಿದರು. ಹರಿಯುತ್ತಲೇ ನಗು ತಡೆಯಲಾಗದೆ ಗೋಡೆಗೆ ಒರಗಿದರು. ಅವರು ನಕ್ಕದ್ದನ್ನು ಅಂದೇ ಮೊದಲು ನೋಡಿದ್ದು, ನನಗೂ ಕಣ್ಣು ತುಂಬಿತು.

ಕಣ್ಣೊರೆಸಿಕೊಂಡು ಫಾದರ್ ಹೇಳಿದರು: "ಈ ಹುಂಜವನ್ನು ಜೋಪಾನ ಮಾಡಿ. ಮುಂದಿನ ವರ್ಷದ ಪೂಜೆಗೂ ನನಗೆ ಇದೇ ಬೇಕು."

ಆಗ ನನಗೆ ಪೇತ್ರನಂತೆ ನಿಜವಾಗಿಯೂ ಅಳು ಬಂತು. ಈಸ್ಟರಿಗೆಂದು ಮನೆಯಲ್ಲಿ ನನ್ನ ಹೆಂಡತಿ ಆಗಲೇ ಮಸಾಲೆ ಹುರಿಯುತ್ತಿದ್ದಳು.